ಆಯುಧಪೂಜೆಯ ನಂತರ ಮುಚ್ಚಿದ ರಂಧ್ರಗಳು

ವಿಮಾನ ನಿಲ್ದಾಣ ಶುರುವಾಗಿ ಕೆಲವು ವರ್ಷಗಳಾಗಿದ್ದವು. ದೇವನಹಳ್ಳಿ ಬದಿಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಾನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಕೆಲಸದ ದಾಖಲೆ ಪುಸ್ತಕ ಬರೆಯುವವನೂ ನಾನೇ.

ನೆಲಮಂಗಲದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಯುವ ಸಂಶೋಧಕಿಯೊಬ್ಬಳು ಅಲ್ಲಿ ರಂಧ್ರ ಕೊರೆಯುತ್ತಿದ್ದಳು. ಸಿಲಿಕಾನ್ ನೈಟ್ರೈಡ್ ಎಂಬ ಸೆರಾಮಿಕ್‌ನ ಪೊರೆ, ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳು. ಸೂಕ್ಷ್ಮದರ್ಶಕದ ಎಲೆಕ್ಟ್ರಾನ್ ಕಿರಣವನ್ನು ಅದರ ಒಂದೇ ಬಿಂದುವಿಗೆ ಹಿಡಿದರೆ ತೂತು ಬೀಳುತ್ತದೆ. ಆಮೇಲೆ ಕಿರಣವನ್ನು ಅಗಲಿಸಿದರೆ ಅಂಚು ಮೆತ್ತಗಾಗಿ ತೂತು ನಿಧಾನಕ್ಕೆ ಕಿರಿದಾಗುತ್ತದೆ. ಒಂದು ಡಿಎನ್‌ಎ ಎಳೆ ನುಸುಳುವಷ್ಟಾದಾಗ ನಿಲ್ಲಿಸಬೇಕು, ತಡವಾದರೆ ಮುಚ್ಚಿಹೋಗುತ್ತದೆ. ಅವಳಿಗೆ ತಡವಾದದ್ದನ್ನು ನಾನು ಕಂಡಿರಲಿಲ್ಲ.

ಅವಳ ಗುತ್ತಿಗೆ ಮುಗಿಯುವುದರಲ್ಲಿತ್ತು. ಉಳಿದ ನಾಲ್ಕು ಪೊರೆಗಳಲ್ಲಿ ರಂಧ್ರ ಸರಿಯಾಗಿ ಬಂದರೆ ಮಾತ್ರ ಮುಂದುವರಿಸುತ್ತೇವೆ ಎಂದು ಮುಖ್ಯಸ್ಥರು ಹೇಳಿದ್ದರು.

ಆಯುಧಪೂಜೆಯಂದು ಯಂತ್ರಕ್ಕೆ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದೆವು. ಆಫೀಸಿನ ಡ್ರೈವರ್ ಬೂದಗುಂಬಳ ಹಿಡಿದು ನಿಂತಿದ್ದ.

"ಎಲ್ಲಿ ಒಡೀಲಿ ಗುರು, ಇದರ ತಲೆ ಮೇಲಾ?"

"ಒಡಿ. ನಿನ್ ಮೊಮ್ಮಕ್ಕಳ ಸಂಬಳದಲ್ಲೂ ಹಿಡ್ಕೊಳ್ತಾರೆ" ಎಂದೆ.

ಧೂಪ ಹಾಕಿದವನು ನಾನು. ಅವಳ ಕೆಲಸ ಗೆಲ್ಲಲಿ ಎಂದು ಪೊರೆಗಳ ಡಬ್ಬಿಯ ಮುಚ್ಚಳ ತೆಗೆದು ಮಂಗಳಾರತಿಯ ಮುಂದಿಟ್ಟವನೂ ನಾನೇ.

"ಸರ್, ಹೊಗೆ ತಾಗುತ್ತೆ, ಮುಚ್ಚಿಬಿಡ್ತೀನಿ" ಎಂದಳು.

"ಒಂದ್ ನಿಮಿಷಕ್ಕೆ ಏನಾಗುತ್ತಮ್ಮ? ನಿನ್ ಒಳ್ಳೇದಕ್ಕೇ."

ಹಬ್ಬ ಕಳೆದ ಮೇಲೆ ಕೊರೆದ ನಾಲ್ಕೂ ರಂಧ್ರಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಪೊರೆಗೆ ಅಂಟಿದ ಹೊಗೆಯ ಜಿಡ್ಡು ಕಿರಣ ಬಿದ್ದಲ್ಲಿ ಮಸಿಗಟ್ಟಿ ತೂತನ್ನು ತುಂಬುತ್ತದೆ. ತೆರೆಯ ಮೇಲೆ ಅದು ಕಿರಣವನ್ನು ಹೆಚ್ಚು ಹೊತ್ತು ಬಿಟ್ಟಂತೆಯೇ ಕಾಣುತ್ತದೆ. ನಾನು ಪಕ್ಕದಲ್ಲೇ ಕೂತಿದ್ದೆ. ಅವಳು ಸರಿಯಾದ ಹೊತ್ತಿಗೇ ನಿಲ್ಲಿಸಿದ್ದಳು. ಅಳತೆಗೆಂದು ಮತ್ತೊಮ್ಮೆ ಕಿರಣ ಹಾಯಿಸಿ ನೋಡುವಷ್ಟರಲ್ಲಿ ತೂತು ಇರಲಿಲ್ಲ.

ದಾಖಲೆ ಪುಸ್ತಕದ ಕಾರಣ ಬರೆಯುವ ಜಾಗದಲ್ಲಿ ನಾನು ಬರೆದದ್ದು ಇಷ್ಟು: ಕಿರಣ ನಿಲ್ಲಿಸುವಲ್ಲಿ ತಡವಾಗಿದೆ. ಮುಖ್ಯಸ್ಥರು ಓದಿದರು, ನನ್ನನ್ನು ಏನೂ ಕೇಳಲಿಲ್ಲ. ಗುತ್ತಿಗೆ ಮುಂದುವರಿಯಲಿಲ್ಲ.

ಕೊನೆಯ ದಿನ ಅವಳು ಬೀಗದ ಕೈ ಒಪ್ಪಿಸಲು ಬಂದಳು.

"ಸರ್, ಧೂಪದ ವಿಷಯ ಯಾಕೆ ಬರೀಲಿಲ್ಲ?"

"ಅದು ಖಚಿತ ಇರಲಿಲ್ಲಮ್ಮ."

"ನಾನು ತಡ ಮಾಡಿದ್ದು ಖಚಿತ ಇತ್ತಾ?"

ನಾನು ಬೀಗದ ಕೈ ತೆಗೆದುಕೊಂಡು ಡ್ರಾಯರಿನಲ್ಲಿಟ್ಟೆ.

"ಬೀಗದ ಕೈ ವಾಪಸ್ ಕೊಟ್ಟಿದೀನಿ ಅಂತ ಒಂದು ಚೀಟಿ ಬರ್ಕೊಡಿ."

ಬರೆದುಕೊಟ್ಟೆ. ನನ್ನೆದುರೇ ನಿಂತು ಅಕ್ಷರ ಅಕ್ಷರ ಓದಿದಳು. ಆಮೇಲೆ ಹೊರಟಳು.