ರೂಢಿಯಂತೆ ಎದ್ದು ನಿಂತಾಗ

“ನಮ್ಮ ಯಜಮಾನರಿಗೆ ಲಗೂನ ಆರಾಮ ಆಗ್ಲಿ ಅಂತ ಪ್ರಾರ್ಥನಾ ಮಾಡ್ರಿ” ಎಂದು ಹೇಳಿ ಮುಗಿಸಿದ ಮೇಲೆ ನನಗೆ ನೆನಪಾಯಿತು, ಅದೇ ವಾರ ಅವರನ್ನು ಮಣ್ಣು ಮಾಡಿ ಬಂದಿದ್ದೆವು.

ಹೈದರಾಬಾದಿನ ಕಾಚಿಗೂಡದಲ್ಲಿದ್ದ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಭಾನುವಾರ ಕಷ್ಟವಿದ್ದವರು ಎದ್ದು ನಿಂತು ಹೇಳಿಕೊಳ್ಳುತ್ತಿದ್ದರು, ಎಲ್ಲರೂ ಅವರಿಗಾಗಿ ಪ್ರಾರ್ಥಿಸುತ್ತಿದ್ದರು. ಯಜಮಾನರು ಹಾಸಿಗೆ ಹಿಡಿದಾಗಿನಿಂದ ಪ್ರತಿ ವಾರ ಅದೇ ಮಾತು ಹೇಳುತ್ತಿದ್ದ ನಾನು ಆ ದಿನವೂ ಎದ್ದುಬಿಟ್ಟಿದ್ದೆ. ಪಾಸ್ಟರು ತಲೆ ತಗ್ಗಿಸಿದರು. ನನಗೆ ಕೂರಲೂ ಆಗಲಿಲ್ಲ.

ಆಗ ಚಾಪೆಯ ಮೇಲೆ ನನ್ನ ಪಕ್ಕ ಕೂತಿದ್ದ ರತ್ನಮ್ಮನವರು ಮೊಣಕಾಲಿಗೆ ಕೈಯೂರಿ ಮೆಲ್ಲಗೆ ಎದ್ದರು.

“ನಮ್ಮ ಸಾರಾನ ಜ್ವರಾನೂ ಇಳೀಲಿ ಅಂತ ಬೇಡ್ಕೊಳ್ರಿ, ಪಾಸ್ಟರ್.”

ಅವರ ಮಗಳು ಸಾರಾ ಆ ಜ್ವರದಲ್ಲೇ ತೀರಿಕೊಂಡು ವರ್ಷ ಕಳೆದಿತ್ತು. ಸಭೆಗೆಲ್ಲ ಅದು ಗೊತ್ತಿತ್ತು. ಪಾಸ್ಟರು ಕಣ್ಣು ಮುಚ್ಚಿ, ಇಬ್ಬರ ಹೆಸರನ್ನೂ ಹೇಳಿ ಪ್ರಾರ್ಥಿಸಿದರು. ಅದು ಮುಗಿಯುವವರೆಗೂ ರತ್ನಮ್ಮನವರು ನನ್ನ ಕೈ ಬಿಡಲಿಲ್ಲ.

ಆಮೇಲೆ ಆಂಧ್ರ ಒಡೆದು ಎರಡು ರಾಜ್ಯವಾಯಿತು, ರತ್ನಮ್ಮನವರೂ ತೀರಿಕೊಂಡರು. ನನ್ನ ದುಃಖ ಕಡಿಮೆಯಾಯಿತೆಂದು ಸುಳ್ಳು ಹೇಳಲಾರೆ. ಸಾರಾಳ ಜ್ವರ ಇಳಿಯಲಿ ಎಂದು ಬೇಡಿಕೊಳ್ಳಲು ಈಗ ನಾನೊಬ್ಬಳೇ ಉಳಿದಿದ್ದೇನೆ.