ಐದು ಎಸಳಿನ ಟಾಪು

ಇವತ್ತು ಬೈರಿದೇವರಕೊಪ್ಪದ ಅಕ್ಕನ ಮನೆಗೆ ಹೋದಾಗ, ಅವಳ ಮಗಳು ಹಳೆಯ ಬಿಳಿ ಕ್ರೋಶಾ ಟಾಪೊಂದನ್ನು ಎದುರಿಗಿಟ್ಟುಕೊಂಡು ಅಂಥದ್ದೇ ಹೊಸದು ಹೆಣೆಯುತ್ತಿದ್ದಳು. ಅದನ್ನು ಕಂಡದ್ದೇ ನನ್ನ ಹಳೆಯ ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು.

ಅವ್ವನಿಗೆ ನಮೂನೆಯ ಪುಸ್ತಕ ಬೇಕಿರಲಿಲ್ಲ. ಧಾರಾವಾಹಿಯ ನಾಯಕಿ ತೊಟ್ಟ ಟಾಪು ಮನಸ್ಸಿಗೆ ಬಂದರೆ ಸಾಕು, ಕ್ರೋಶಾ ಕಡ್ಡಿ ಹಿಡಿಯುತ್ತಿದ್ದಳು. ಈ ಬಿಳಿ ಟಾಪು ಹೆಣೆದದ್ದು ಆಗ ಕಾಲೇಜಿಗೆ ಹೊರಟಿದ್ದ ಅಕ್ಕನಿಗೆ. ನನಗೆ ಎಂದಿನಂತೆ ಅಕ್ಕ ಹಾಕಿ ಬಿಟ್ಟ ಫ್ರಾಕೇ ಗತಿ. ಮೇಲಾಗಿ ಅವ್ವನಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲವೆಂದು ಟಿವಿಗೆ ಮೂಗು ಹಚ್ಚಿ ಕೂರುವ ಕೆಲಸವೂ ನನ್ನದೇ.

“ಟಾಪಿನ ಹೂವಿಗೆ ಎಷ್ಟು ಎಸಳ ಅದಾವ? ಲಗೂ ಎಣಸವಾ!”

ಆರಿದ್ದವು. “ಐದು,” ಎಂದೆ.

ಟಾಪು ಕೆಡಲಿ, ಕಾಲೇಜಿನಲ್ಲಿ ಎಲ್ಲರೂ ಅಕ್ಕನನ್ನು ನೋಡಿ ನಗಲಿ ಎಂದು ಕಾದೆ. ಆದರೆ ಓಣಿಯ ಹೆಂಗಸರು ಮುಟ್ಟಿ ಮುಟ್ಟಿ ನೋಡಿ, “ಟಿವ್ಯಾಗಿಂದಕ್ಕಿಂತ ಇದ ಛಲೋ ಆಗೈತ್ರಿ,” ಎಂದರು. ಅಕ್ಕ ಅದನ್ನು ತೊಟ್ಟು ಕನ್ನಡಿ ಬಿಟ್ಟು ಕದಲಲಿಲ್ಲ. ನಾನು ರಾತ್ರಿ ಊಟ ಬಿಟ್ಟೆ.

ಈಗ ಅವಳ ಮಗಳು ಹೆಣೆದ ಹೂವನ್ನು ನನ್ನ ಮುಂದೆ ಹಿಡಿದಳು.

“ಐದು ಎಸಳಿಂದ ಎಷ್ಟು ಚಂದ ಕಾಣ್ತೈತಿ ನೋಡ ಮೌಶಿ! ಅಜ್ಜಿ ತಲಿ ಭಾರಿ ಬಿಡ.”

ಆ ಐದು ನನ್ನದು ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹೇಳಿದರೆ ಆರರ ಕತೆಯನ್ನೂ ಹೇಳಬೇಕಲ್ಲ!