ಕೊಡ ನಂಬರ್ ನಲವತ್ತೊಂದು

ಕೊರಿಯರ್‌ನವನು ಕೊಟ್ಟುಹೋದ ಕವರು ಬಿಡಿಸಿದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು. ಶಾಲೆ ತೆರೆದ ಮೊದಲ ವಾರ ಮಕ್ಕಳ ಬ್ಯಾಗುಗಳಿಂದ ಬರುತ್ತದಲ್ಲ, ಅದೇ ವಾಸನೆ. ಒಳಗೆ ಒಂದು ಸಿನಿಮಾ ಡಿಸ್ಕು. ಮೇಲೆ ಕೆಂಪು ಆಕಾಶ, ಬಿರಿದ ನೆಲ, ಲೂನಾ ಏರಿದ ಒಬ್ಬ ಮುಸುಕಿನ ಹೆಂಗಸು. ಬೆಂಕಿ ಹತ್ತಿದ ಅಕ್ಷರಗಳಲ್ಲಿ ‘ಕೊಡ ನಂಬರ್ ನಲವತ್ತೊಂದು’ ಎಂದಿದೆ. ನೀವು ಈ ಸಿನಿಮಾ ನೋಡಿರಲಾರಿರಿ. ಅದನ್ನು ತೆಗೆದ ನಂಜನಗೂಡಿನಲ್ಲೇ ನೋಡಿದವರು ಕಡಿಮೆ. ಆ ಲೂನಾದ ಮೇಲಿರುವ ಹೆಂಗಸು ನಾನು. ಹನ್ನೊಂದು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ. ಈ ಸಲ ಟೈಟಲ್ಲಿನಲ್ಲಿ ನನ್ನ ಹೆಸರು ಇರುತ್ತದೆ ಎಂದು ಮಾತಾಗಿದೆ. ಇದೆಯೋ ಇಲ್ಲವೋ ನೋಡಬೇಕು. ಡಿಸ್ಕನ್ನು ಟೀವಿಯ ಮೇಲಿಟ್ಟು ಎರಡು ಸಲ ಅಡುಗೆಮನೆಗೆ ಹೋಗಿ ಬಂದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ನಂಜನಗೂಡಿನ ಅಪ್ಪನ ಮನೆಯಿಂದ ದೇವನೂರು ಕಡೆಯ ಒಂದು ಪ್ರೈಮರಿ ಶಾಲೆಗೆ ಲೂನಾದಲ್ಲಿ ಹೋಗಿ ಬರುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟುಕೊಂಡು ಮದುವೆ, ನಾಮಕರಣಗಳ ವಿಡಿಯೊ ತೆಗೆಯುತ್ತಿದ್ದ ರೇವಣ್ಣನವರು ಒಂದು ದಿನ ಅಡ್ಡ ಹಾಕಿ ನಿಲ್ಲಿಸಿ, ‘ಮೇಡಂ, ನೀವು ಫೈಟ್ ಮಾಡ್ತೀರಾ?’ ಎಂದು ಕೇಳಿದರು. ಯಾರ ಮೇಲೆ ಎಂದು ಕೇಳಿದೆ. ‘ಗೌರ್ಮೆಂಟ್ ಮೇಲೆ’ ಎಂದರು. ಆ ತಿಂಗಳು ನಮಗೆ ಸಂಬಳ ತಡವಾಗಿತ್ತು, ಕೂಡಲೇ ಒಪ್ಪಿಕೊಂಡೆ.

ಕಥೆ ಎಪ್ಪತ್ತು ವರ್ಷದ ಮೇಲೆ ನಡೆಯುವಂಥದ್ದು. ಕಪಿಲೆ, ಕಾವೇರಿ ಎರಡಕ್ಕೂ ಸರ್ಕಾರ ಬೀಗ ಹಾಕಿದೆ. ಮನೆಗೊಂದು ನಂಬರಿನ ಕೊಡ. ನಂಬರಿಲ್ಲದ ಕೊಡ ಹಿಡಿದವರಿಗೆ ಗುಂಡೇಟು. ಮುಸುಕಿನ ಹೆಣ್ಣೊಬ್ಬಳು ಲೂನಾದಲ್ಲಿ ಕದ್ದು ನೀರು ಹಂಚುತ್ತಾಳೆ. ಕೇಳಲಿಕ್ಕೆ ಭರ್ಜರಿಯಾಗಿದೆ. ಆದರೆ ಎರಡು ಹೊಳೆ ಕೂಡುವ ಸೀಮೆಯಲ್ಲಿ ನೀರಿಲ್ಲದ ಜಾಗ ಎಲ್ಲಿಂದ ತರುವುದು? ಕ್ಯಾಮರಾ ಯಾವ ಕಡೆ ತಿರುಗಿಸಿದರೂ ಮೂಲೆಯಲ್ಲಿ ಒಂದು ತುಂಡು ಗದ್ದೆ ಹಸಿರಾಗಿ ಇಣುಕುತ್ತಿತ್ತು. ಕೊನೆಗೆ ಒಂದು ಇಟ್ಟಿಗೆ ಗೂಡು, ಒಂದು ಕಲ್ಲು ಕ್ವಾರಿ ಸಿಕ್ಕವು. ಕ್ವಾರಿಯ ಹಾದಿಯಲ್ಲಿ ಬಟ್ಟೆಗಂಟು ಹೊತ್ತ ಮುದುಕಿಯೊಬ್ಬಳು ನಿಂತು, ನಾವು ‘ನೀರು, ನೀರು’ ಎಂದು ನರಳುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ರೇವಣ್ಣನವರಿಗೆ, ‘ಯಾಕ್ಸಾ ಇಂಗ್ ಸಾಯ್ತಿದ್ದೀರಿ? ಒಳೆ ಇಲ್ಲೇ ಅದೆ, ಬನ್ನಿ ತೋರುಸ್ತೀನಿ’ ಎಂದಳು.

ಎಡಿಟಿಂಗ್ ನಡೆದದ್ದು ಮೈಸೂರಿನ ಒಂದು ಮಿಕ್ಸಿಂಗ್ ಅಂಗಡಿಯಲ್ಲಿ. ಅವರ ಯಂತ್ರದಲ್ಲಿ ಇದ್ದದ್ದೆಲ್ಲ ಮದುವೆಯ ಎಫೆಕ್ಟುಗಳೇ. ಹಾಗಾಗಿ ನೀರಿನ ಇಲಾಖೆಯ ಕಚೇರಿ ಸಿಡಿಯುವ ಜಾಗದಲ್ಲಿ ಪರದೆಯ ತುಂಬ ಗುಲಾಬಿ ದಳ ಉದುರುತ್ತವಂತೆ, ಸತ್ತ ಸೈನಿಕರು ಹೃದಯದಾಕಾರದ ಚೌಕಟ್ಟಿನಲ್ಲಿ ಮರೆಯಾಗುತ್ತಾರಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ಆಗ ನಾನು ಇದನ್ನೆಲ್ಲ ಕೇಳಿ ತಿಳಿದದ್ದಷ್ಟೇ, ಸಿನಿಮಾ ನೋಡಿರಲಿಲ್ಲ. ಮನೆಯಲ್ಲಿ ವಿಡಿಯೊ ಪ್ಲೇಯರ್ ಇರಲಿಲ್ಲ. ಇದ್ದರೂ ಅಪ್ಪ ಹಾಕಲು ಬಿಡುತ್ತಿರಲಿಲ್ಲ.

ಅಪ್ಪ ಕೆಟ್ಟವರಲ್ಲ. ಲೂನಾ ಕೊಡಿಸಿದವರೂ ಅವರೇ. ಸಿನಿಮಾ ಎಂದಾಗ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಊಟಕ್ಕೆ ಕೂತಾಗ, ‘ಮಾಡ್ಕೊ. ಮುಖ ಕಾಣಬಾರ್ದು, ಹೆಸ್ರೂ ಬರಬಾರ್ದು. ನಾಳೆ ಗಂಡಿನ ಕಡೆಯೋರು ಬತ್ತಾರೆ’ ಎಂದರು. ರೇವಣ್ಣನವರಿಗೆ ಇದರಿಂದ ಖುಷಿಯೇ ಆಯಿತು. ಮುಂದಿನ ಕಾಲದಲ್ಲಿ ಧೂಳು ಹೆಚ್ಚು, ಮುಸುಕಿದ್ದರೆ ಒಳ್ಳೆಯದೇ ಎಂದು ಗದ್ದೆಗೆ ಔಷಧಿ ಹೊಡೆಯುವ ಪಂಪಿನ ಕೊಳವೆಯೊಂದನ್ನು ನನ್ನ ಬಾಯಿಯ ಹತ್ತಿರ ಸಿಕ್ಕಿಸಿದರು. ಟೈಟಲ್ಲಿನಲ್ಲಿ ‘ಮುಸುಕಿನವಳು’ ಎಂಬುದರ ಎದುರಿಗೆ ಒಂದು ಪ್ರಶ್ನೆ ಚಿಹ್ನೆ ಬಂತು.

ಜನಕ್ಕೆ ಪ್ರಶ್ನೆ ಕೊಟ್ಟರೆ ಸುಮ್ಮನಿರುತ್ತಾರೆಯೇ? ಹೆಣ್ಣಿಗೆ ಇಷ್ಟು ಧೈರ್ಯ ಎಲ್ಲಿಂದ ಬರಬೇಕು, ಅದು ಕಳಲೆಯ ಸಿದ್ದರಾಜು ಎಂದು ತಾವೇ ತೀರ್ಮಾನ ಮಾಡಿದರು. ಸಿದ್ದರಾಜು ಊರ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ ರೈತ, ದ್ರೌಪದಿಯ ಪಾರ್ಟಿಗೆ ಹೆಸರಾದವರು. ಆಮೇಲೆ ಬಂದ ಕ್ಯಾಸೆಟ್ಟುಗಳ ಕವರಿನ ಮೇಲೆ ಅವರ ಹೆಸರೇ ಅಚ್ಚಾಯಿತು. ನನಗೆ ಹೊಟ್ಟೆ ಉರಿದುಹೋಯಿತು. ಹೆಸರು ಬೇಡ ಎಂಬ ಅಪ್ಪನ ಮಾತಿಗೆ ಒಪ್ಪಿದವಳು ನಾನೇ, ಆದರೂ ಉರಿಯಿತು. ಮದುವೆಯಾಗಿ ಟಿ. ನರಸೀಪುರಕ್ಕೆ ಬಂದ ಮೇಲೂ ಬಸ್ಸಿನಲ್ಲಿ ಎಂದಾದರೂ ಸಿದ್ದರಾಜು ಕಂಡರೆ ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅವರು ಮಾತ್ರ ಕೈಮುಗಿದು ಸೀಟು ಬಿಟ್ಟುಕೊಡುತ್ತಿದ್ದರು. ಕದ್ದವನ ಮರ್ಯಾದೆ ನೋಡು ಎಂದುಕೊಂಡು ಆ ಸೀಟಿನಲ್ಲಿ ಕೂರುತ್ತಿದ್ದೆ.

ಹೋದ ತಿಂಗಳು ತಮ್ಮನ ಮನೆಗೆಂದು ನಂಜನಗೂಡಿಗೆ ಹೋದಾಗ ರೇವಣ್ಣನವರ ಅಂಗಡಿಯ ಗೋಡೆಯ ಮೇಲೆ ಪೋಸ್ಟರ್ ಕಂಡಿತು. ಮೂಲ ಕ್ಯಾಸೆಟ್ಟು ಬೀರುವಿನಲ್ಲಿ ಸಿಕ್ಕಿತಂತೆ, ಬೂಷ್ಟು ಒರೆಸಿ ಡಿಸ್ಕು ಮಾಡಿಸುತ್ತಿದ್ದಾರಂತೆ. ಕಾಲೇಜು ಹುಡುಗರು ನಗುವುದಕ್ಕೆಂದೇ ಕೇಳಿಕೊಂಡು ಬರುತ್ತಾರಂತೆ. ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ‘ಮುಸುಕಿನವಳಾಗಿ ಕಳಲೆ ಸಿದ್ದರಾಜು’ ಎಂದಿತ್ತು. ನಾನು ಸೀದಾ ಒಳಗೆ ಹೋಗಿ, ‘ನನ್ನ ಹೆಸರು ಹಾಕಿ’ ಎಂದೆ. ಹಾಗನ್ನುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ರೇವಣ್ಣನವರು ಕನ್ನಡಕ ತೆಗೆದು ಒರೆಸಿದರು. ‘ಅಲ್ಲ ಮೇಡಂ, ನಂಗೇನೋ ಗೊತ್ತು. ಊರು ನಂಬಬೇಕಲ್ಲ? ಮುಖಾನೇ ಇಲ್ಲ. ನೋಡಿ, ಸಿದ್ದರಾಜಣ್ಣನೇ ಇವತ್ತು ಹೊಸ ಪ್ರಿಂಟ್ ನೋಡಕ್ಕೆ ಬಂದವ್ರೆ. ನೀವೂ ಕೂತ್ಕೊಳಿ.’

ಒಳಕೋಣೆಯ ಬೆಂಚಿನ ಮೇಲೆ ಟವೆಲ್ಲು ಹೊದ್ದು ಕುಳಿತಿದ್ದ ಸಿದ್ದರಾಜು ಎದ್ದು ನಿಂತರು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಇಬ್ಬರೂ ಕುಳಿತೆವು.

ಸುಳ್ಳು ಹೇಳುವುದಿಲ್ಲ, ಐದು ನಿಮಿಷದಲ್ಲಿ ಜಗಳ ಮರೆತೆ. ನಿಮ್ಮ ಬೆನ್ನು ಹೇಗಿದೆ ಎಂದು ನಿಮಗೆ ಗೊತ್ತೇ? ನನಗೆ ಗೊತ್ತಿರಲಿಲ್ಲ. ಓ, ನಾನು ಹೀಗೆ ನಡೆಯುತ್ತಿದ್ದೆನೇ, ಎಡಭುಜ ಇಷ್ಟು ಮೇಲಿತ್ತೇ, ಕ್ವಾರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋದದ್ದು ನಾನೇ ಎಂದು ಪಕ್ಕದ ಮನೆಯ ಹುಡುಗಿಯನ್ನು ನೋಡುವಂತೆ ನೋಡಿದೆ. ಆ ಹುಡುಗಿ ನನಗೆ ಬಹಳ ಹಿಡಿಸಿದಳು.

ಆಮೇಲೆ ಗೋಡೆಯ ದೃಶ್ಯ ಬಂತು. ಮುಸುಕಿನವಳು ನೀರಿನ ಇಲಾಖೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ನೀರು ಯಾರಪ್ಪನದೂ ಅಲ್ಲ’ ಎಂದು ಬರೆದು ಓಡಬೇಕು. ಹಳೆಯ ಕ್ಯಾಸೆಟ್ಟಿನಲ್ಲಿ ಬರೀ ಬಿಳಿ ಗೆರೆಗಳಂತೆ ಕಾಣುತ್ತಿತ್ತಂತೆ. ಹೊಸ ಪ್ರಿಂಟಿನಲ್ಲಿ ಒಂದೊಂದು ಅಕ್ಷರವೂ ಎದ್ದು ಕಾಣುತ್ತಿತ್ತು. ಎಪ್ಪತ್ತು ವರ್ಷ ಮುಂದಿನ ಆ ಬಂಡಾಯಗಾರ್ತಿ ಮೊದಲು ಗೋಡೆಯ ಬಲಮೂಲೆಯಲ್ಲಿ ಶೂಟಿಂಗ್ ದಿನದ ತಾರೀಖು ಹಾಕಿದಳು. ಅದರ ಕೆಳಗೆ ಅಡ್ಡಗೆರೆ ಎಳೆದು ‘ಒಟ್ಟು ೪೨, ಹಾಜರು ೩೯’ ಎಂದು ಬರೆದಳು. ಆಮೇಲೆ ಘೋಷಣೆ. ಸೀಮೆಸುಣ್ಣ ಕೈಗೆ ಬಂದರೆ ಮೇಡಂಗಳ ಕೈ ತಾನಾಗಿ ಹೋಗುವುದೇ ಆ ಮೂಲೆಗೆ. ಸೈನಿಕರು ಬಂದೂಕು ಹಿಡಿದು ಓಡಿಬರುತ್ತಿದ್ದರೂ ಅವಳು ಹಾಜರಿ ಬಿಟ್ಟಿರಲಿಲ್ಲ.

ರೇವಣ್ಣನವರು ತಲೆ ಮೇಲೆ ಕೈ ಹೊತ್ತರು. ಸಿದ್ದರಾಜು ಕೆಮ್ಮು ಬರುವವರೆಗೆ ನಕ್ಕರು.

‘ಇನ್ಯಾಕ್ ಸಾಕ್ಷಿ ರೇವಣ್ಣ? ನಾ ಇಸ್ಕೂಲ್ ಮೆಟ್ಲು ಅತ್ದೋನಲ್ಲ. ಆಕ್ಸಿ, ಮೇಡಮ್ಮಾರ ಎಸ್ರ.’

‘ಹಾಗಾದರೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ?’ ಎಂದು ನಾನು ಕೇಳಿಯೇಬಿಟ್ಟೆ.

ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ‘ನಾನು ಅಂತ ಯೋಳಿದ್ದು ಒಂದೇ ಸಲ ಕಣವ್ವ. ನಿಮ್ಮಪ್ಪಾರು ಕಳಲೆಗೆ ಬಂದು ನಮ್ಮನೆ ಜಗುಲಿ ಮ್ಯಾಲೆ ಕುಂತ್ರು. ನರಸೀಪುರದೋರು ಇಚಾರಿಸ್ಕೊಂಡ್ ಬತ್ತಾರೆ, ಲೂನಾ ಮ್ಯಾಲಿದ್ದೋಳು ನಿಮ್ ಮಗಳಂತೆ ಅಂತ ಯಾರೋ ಕಿವಿ ಕಚ್ಚವ್ರೆ, ನೀನೇ ಅಂದ್ಬುಡು ಸಿದ್ದರಾಜು ಅಂದ್ರು. ಕಣ್ಣಲ್ ನೀರಿತ್ತು. ನಿಮ್ ಮಾವ್ನೋರು ಬಂದ್ರು, ಕೇಳುದ್ರು. ನಾನೇ ಸಾ ಅಂದೆ. ಆಮ್ಯಾಕೆ ಮಾತು ಆಡುದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು.’

ಹನ್ನೊಂದು ವರ್ಷ ಈ ಮನುಷ್ಯನನ್ನು ಕಳ್ಳ ಎಂದುಕೊಂಡಿದ್ದೆ, ನಾಚಿಕೆಯಾಯಿತು. ಅಪ್ಪನ ಮೇಲೆ ಸಿಟ್ಟು ಬಂತು, ಆ ಕಣ್ಣೀರು ನೆನೆದು ಪ್ರೀತಿಯೂ ಬಂತು. ಎರಡನ್ನೂ ಹೇಳಿಕೊಳ್ಳೋಣವೆಂದರೆ ಅವರು ತೀರಿಕೊಂಡು ನಾಲ್ಕು ವರ್ಷವಾಗಿದೆ. ‘ತಪ್ಪಾಯ್ತು ಸಿದ್ದರಾಜಣ್ಣ’ ಎಂದೆ. ‘ಬುಡವ್ವ, ದ್ರೌಪದಿ ಮಾಡೋನಿಗೆ ಇದ್ಯಾವ್ ಕಷ್ಟ’ ಎಂದರು.

ಹೊರಡುವಾಗ ರೇವಣ್ಣನವರು ಪೆನ್ನು ತೆಗೆದು, ‘ಇನಿಷಿಯಲ್ ಯಾವ್ದು ಹಾಕ್ಲಿ ಮೇಡಂ? ಅಪ್ಪಾರದಾ, ಯಜಮಾನ್ರದಾ?’ ಎಂದು ಕೇಳಿದರು. ಎರಡೂ ಬೇಡ, ಬರೀ ಹೆಸರು ಸಾಕು ಎಂದು ಹೇಳಿ ಬಂದೆ.

ಇಷ್ಟು ಹೇಳಿದ ಮೇಲೆ ಡಿಸ್ಕು ಹಾಕದೆ ಉಪಾಯವಿಲ್ಲ. ಸೊಸೈಟಿಯಿಂದ ಬಂದು ಕಾಫಿ ಕುಡಿಯುತ್ತಿದ್ದ ಯಜಮಾನರನ್ನು ಕರೆದೆ. ‘ಬನ್ರೀ, ನಂಜನಗೂಡಿನ ಪಿಕ್ಚರ್ರು’ ಎಂದೆ. ಲೋಟ ಹಿಡಿದುಕೊಂಡೇ ಬಂದು ಕುಳಿತರು. ಕೆಂಪು ಆಕಾಶ ಬಂತು, ರೇವಣ್ಣನವರ ಹೆಸರು ಬಂತು. ಆಮೇಲೆ ‘ಮುಸುಕಿನವಳು’ ಎಂದು ಬಂತು, ಅದರ ಎದುರಿಗೆ ಹಿಂದಿಲ್ಲ ಮುಂದಿಲ್ಲದ ಒಂದೇ ಒಂದು ಹೆಸರು.

‘ಇದ್ಯಾರೇ, ನಿನ್ನ ಹೆಸರಿನೋಳು?’ ಎಂದರು ಅವರು. ‘ಈ ಪಾರ್ಟು ಯಾರೋ ಕಳಲೆಯ ಗಂಡಸು ಮಾಡಿದ್ದಲ್ವಾ? ನಮ್ಮಪ್ಪ ಆಗ್ಲೇ ಹೋಗಿ ಕೇಳ್ಕೊಂಡು ಬಂದಿದ್ರು.’

ನಾನು ರಿಮೋಟು ಒತ್ತಿ ಚಿತ್ರವನ್ನು ಅಲ್ಲೇ ನಿಲ್ಲಿಸಿದೆ.

‘ನಾನೇ ಕಣ್ರೀ’ ಎಂದೆ.